ಹಾಲುದೊಣೆಯ ದಾರಿ ಬಲ್ಲ ಸಣ್ಣಬಸಪ್ಪ

ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುತ್ತಿದ್ದ ಸಣ್ಣಬಸಪ್ಪನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ತೆಲುಗು ಇನ್ನೂ ಚೆನ್ನಾಗಿ ಬರುತ್ತಿತ್ತು. ಆದರೆ ಐವತ್ತೆರಡು ವರ್ಷವಾದರೂ ಎರಡೂ ಭಾಷೆಯಲ್ಲಿ ಒಂದು ಮಾತು ಮಾತ್ರ ಅವನ ಬಾಯಿಗೆ ಬಂದಿರಲಿಲ್ಲ. ಆ ಮಾತು ‘ಗೊತ್ತಿಲ್ಲ’.

ಕಲ್ಯಾಣದುರ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ ತಕ್ಷಣ ಹೇಳಿಬಿಡುತ್ತಿದ್ದ. ಆ ಹೊತ್ತಿಗೆ ಬಸ್ಸು ಬಾರದಿದ್ದರೆ ತಪ್ಪು ಬಸ್ಸಿನದು. ಒಮ್ಮೆ ಮದುವೆಗೆಂದು ಪರವೂರಿನಿಂದ ಬಂದ ನಾಲ್ಕು ಜನ ಇವನು ತೋರಿಸಿದ ಛತ್ರಕ್ಕೆ ಹೋಗಿ, ಊಟ ಮಾಡಿ, ಮುಯ್ಯಿ ಕೊಟ್ಟು, ಮದುಮಕ್ಕಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೊರಗೆ ಬಂದ ಮೇಲೆ ಅದು ಬೇರೆಯವರ ಮದುವೆ ಎಂದು ತಿಳಿಯಿತು. ಅವರು ಅಂಗಡಿಗೇ ಬಂದು ಜಗಳ ತೆಗೆದಾಗ ಸಣ್ಣಬಸಪ್ಪ ಸಮಾಧಾನವಾಗಿ ಊಟ ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದರು. ಅದು ತನಗೆ ಗೊತ್ತಿತ್ತು ಎಂದ.

ಇಂಥ ಸರ್ವಜ್ಞನಿಗೆ ಸ್ವಂತ ಮನೆ ಇರಲಿಲ್ಲ. ದೊಡ್ಡಮಲ್ಲಪ್ಪನ ಹಿತ್ತಲ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆಗಿದ್ದ. ಮುಂದಿನ ಮನೆಯಲ್ಲಿ ಮಾಲೀಕರು, ಹಿಂದೆ ಇವರು, ನಡುವೆ ಒಂದು ಬೇವಿನಮರ, ಎರಡೂ ಮನೆಗೆ ಸೇರಿ ಒಂದೇ ನಲ್ಲಿ. ಅದಕ್ಕೂ ಮುಂಚೆ ಅವನ ಹೆಂಡತಿ ಅಂಬಮ್ಮ ನಾಲ್ಕು ಬಾಡಿಗೆ ಮನೆಗಳಲ್ಲಿ ಹಾಲು ಉಕ್ಕಿಸಿ ನಾಲ್ಕರಿಂದಲೂ ಪಾತ್ರೆ ಪಡಗ ಹೊತ್ತುಕೊಂಡು ಬಂದವಳು. ಐದನೆಯದರಲ್ಲಿ ಮಲ್ಲಿಗೆ ಬಳ್ಳಿ ಹಚ್ಚಿದಳು, ಮಗಳನ್ನು ಅದೇ ಅಂಗಳದಿಂದ ಮದುವೆ ಮಾಡಿ ಕಳಿಸಿದಳು, ಇನ್ನು ಇಲ್ಲಿಂದ ಕದಲುವುದಿಲ್ಲ ಎಂದುಕೊಂಡಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ದೊಡ್ಡಮಲ್ಲಪ್ಪ ಬಂದು ಕೂತು, ಚಹಾ ಕುಡಿದು, ದೀಪಾವಳಿಗೆ ಮನೆ ಖಾಲಿ ಮಾಡಬೇಕು ಎಂದ. ಹಿತ್ತಲ ಮನೆ ಕೆಡವಿ ಮೂರಂತಸ್ತು ಎಬ್ಬಿಸಿ ಜೀನ್ಸ್ ಹೊಲಿಯುವವರಿಗೆ ಕೊಡುವುದಂತೆ. ಸಣ್ಣಬಸಪ್ಪ ತನಗೆ ಇದು ಮೊದಲೇ ಗೊತ್ತಿತ್ತು ಎಂದು ಹೇಳಿ ಕಳಿಸಿದ. ಅಂಬಮ್ಮ ಒಲೆಯ ಮುಂದೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಯೋಚನೆ ಮಾಡಿದಳು. ದೊಡ್ಡಮಲ್ಲಪ್ಪ ಕೆಟ್ಟವನಲ್ಲ, ಹೊಟ್ಟೆ ತುಂಬಿದಾಗ ಒಳ್ಳೆಯವನು, ಬೇರೆಯವರ ಊಟದಿಂದ ತುಂಬಿದ್ದರೆ ಇನ್ನೂ ಒಳ್ಳೆಯವನು. ಹಾಗೆ ತುಂಬಿಸಿ, ಅವನು ನಗುತ್ತಿರುವಾಗ ಒಂದು ಮಾತು ಕೇಳಬೇಕು. ಕೇಳುವ ಕೆಲಸ ಗಂಡನದು, ತುಂಬಿಸುವ ಕೆಲಸ ತನ್ನದು ಎಂದು ತೀರ್ಮಾನವಾಯಿತು.

ಅವಕಾಶ ತಾನಾಗಿಯೇ ಬಂತು. ಆ ವರ್ಷ ಎಂದೂ ಇಲ್ಲದ ಮಳೆ ಹಿಡಿದು ಗುಮ್ಮಘಟ್ಟದ ಆಚೆಯ ಗುಡ್ಡದಲ್ಲಿ ಹಾಲುದೊಣೆ ಜಲಪಾತ ಧುಮುಕತೊಡಗಿತ್ತು. ಎಲ್ಲರ ಫೋನಿನಲ್ಲೂ ಅದೇ. ಕೊಡ ನೀರಿಗೆ ಸಾಲು ನಿಂತು ಬೆಳೆದ ಊರಿನವರಿಗೆ ನೀರು ಸುಮ್ಮನೆ ಮೇಲಿಂದ ಬೀಳುವುದು, ಯಾರೂ ಕೊಡ ಹಿಡಿಯದೆ ಇರುವುದು ನೋಡಲೇಬೇಕಾದ ಸಂಗತಿಯಾಯಿತು. ದೊಡ್ಡಮಲ್ಲಪ್ಪನ ಹೆಂಡತಿ ಉಚ್ಚಂಗಮ್ಮ ಬೇವಿನಮರದ ಕೆಳಗೆ ಕೂತು, ತಾನೂ ನೋಡಬೇಕು, ಆದರೆ ಆ ಕಾಡಿನ ದಾರಿ ಯಾರಿಗೆ ತಿಳಿದಿದೆ ಎಂದಳು.

“ನನಗ ಗೊತ್ತೈತಿ ರಿ” ಎಂದ ಸಣ್ಣಬಸಪ್ಪ, ನಲ್ಲಿಯ ಹತ್ತಿರದಿಂದ.

ಅವನಿಗೆ ಏನು ಗೊತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಮಕ್ಕಳನ್ನೆಲ್ಲ ಹಾಲುದೊಣೆಗೆ ಕರೆದುಕೊಂಡು ಹೋಗಿದ್ದರು. ಸಣ್ಣಬಸಪ್ಪ ದಾರಿಯಲ್ಲಿ ಕಾರೆಹಣ್ಣು ಮುಕ್ಕಿ ಹೊಟ್ಟೆ ಹಿಡಿದುಕೊಂಡು ಕೂತ. ಮೇಷ್ಟ್ರು ಅವನನ್ನು ಗುಡ್ಡದ ಬುಡದ ಹುಣಸೆಮರದ ಕೆಳಗೆ ಬಿಟ್ಟು, ನಲವತ್ತು ಜೊತೆ ಚಪ್ಪಲಿ ಕಾಯಲು ಹೇಳಿ ಹೋದರು. ಅಂದರೆ ಹಾಲುದೊಣೆಯ ದಾರಿಯಲ್ಲಿ ಅವನಿಗೆ ಗೊತ್ತಿದ್ದದ್ದು ಹುಣಸೆಮರದವರೆಗೆ.

ಭಾನುವಾರ ಬೆಳಗ್ಗೆ ಎರಡು ಸಂಸಾರಗಳು ಒಂದು ಆಟೋದಲ್ಲಿ ಹೊರಟವು. ಬುತ್ತಿಯ ಬುಟ್ಟಿಯೇ ಒಬ್ಬರ ಜಾಗ ಹಿಡಿದಿತ್ತು. ಅದರಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಮೊಸರನ್ನ, ಇಪ್ಪತ್ತು ಹೋಳಿಗೆ. ಹೋಳಿಗೆಯ ಡಬ್ಬಿಯನ್ನು ಅಂಬಮ್ಮ ಮಡಿಲಲ್ಲಿಟ್ಟುಕೊಂಡಿದ್ದಳು, ಮನೆಯ ಕಾಗದಪತ್ರ ಇಟ್ಟುಕೊಂಡ ಹಾಗೆ.

ಹುಣಸೆಮರ ಇದ್ದಲ್ಲೇ ಇತ್ತು. ಅದರ ಪಕ್ಕ ಅರಣ್ಯ ಇಲಾಖೆಯವರು ಹೊಸದಾಗಿ ಒಂದು ಗೇಟು ಹಾಕಿ, ಕಾಡಿನೊಳಗೆ ನಡೆದು ಹೋಗುವವರಿಗೆ ದಾರಿ ಮಾಡಿದ್ದರು. ಗೇಟಿನಲ್ಲಿ ಯರ್ರಪ್ಪ ಎಂಬ ವಾಚರು ಹೆಸರು ಬರೆದುಕೊಳ್ಳುತ್ತಿದ್ದ. ಬರೆದುಕೊಂಡು, ದಾರಿ ತೋರಿಸುವ ಬೋರ್ಡುಗಳು ಇನ್ನೂ ಬಂದಿಲ್ಲ, ಅದಕ್ಕೆ ತಾನು ಅಲ್ಲಲ್ಲಿ ಕಲ್ಲು... ಎಂದು ಶುರು ಮಾಡಿದ. ಸಣ್ಣಬಸಪ್ಪ ಕೈ ಎತ್ತಿ ತಡೆದು, ದಾರಿಯೆಲ್ಲ ತನಗೆ ಗೊತ್ತು ಎಂದು ಬುಟ್ಟಿ ಹೊತ್ತುಕೊಂಡು ಮುಂದೆ ನಡೆದ. ಯರ್ರಪ್ಪ ಬಾಯಿ ಮುಚ್ಚಿಕೊಂಡು ಮುಂದಿನವರ ಹೆಸರು ಬರೆದ. ಅವನ ಆ ಅರ್ಧ ಮಾತು ಪೂರ್ತಿಯಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ದಾರಿ ಚೆನ್ನಾಗಿಯೇ ಇತ್ತು. ಸೀತಾಫಲದ ಗಿಡಗಳು ಹಸಿರಾಗಿ ನಿಂತಿದ್ದವು, ಬಂದರಿಕೆ ಪೊದೆಗಳಿಂದ ಮಳೆಯ ವಾಸನೆ ಬರುತ್ತಿತ್ತು, ಎಲ್ಲೋ ನವಿಲು ಕೂಗುತ್ತಿತ್ತು. ಸ್ವಲ್ಪ ದೂರಕ್ಕೆ ದಾರಿ ಎರಡಾಯಿತು. ಬಲಗಡೆಯ ದಾರಿಯ ಅಂಚಿನಲ್ಲಿ ಒಂದರ ಮೇಲೊಂದು ಮೂರು ಕಲ್ಲು ಇಟ್ಟಿದ್ದರು. ದೊಡ್ಡಮಲ್ಲಪ್ಪ ನಿಂತು, ಇದೇನು ಎಂದು ಕೇಳಿದ.

ಈ ಸೀಮೆಯಲ್ಲಿ ದೇವರಿರುವ ಗುಡ್ಡ ಹತ್ತಿದವರಿಗೆಲ್ಲ ಒಂದು ಪದ್ಧತಿ ತಿಳಿದಿದೆ. ಮನೆ ಬೇಕೆಂದವರು ದಾರಿಯ ಪಕ್ಕ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಕೈ ಮುಗಿಯುತ್ತಾರೆ. ಹಾಗಾಗಿ ಸಣ್ಣಬಸಪ್ಪನ ಉತ್ತರ ಅವನ ಎಂದಿನ ಉತ್ತರಗಳಿಗಿಂತ ನಂಬುವಂತೆಯೇ ಇತ್ತು.

“ಹರಕಿ ಕಲ್ಲು ರಿ ಮಲ್ಲಪ್ಪಣ್ಣ. ಇಲ್ಲಿ ಕಲ್ಲಿಟ್ಟೋರಿಗೆ ದೊಣಿ ಗೌರಮ್ಮ ವರ್ಷದೊಳಗ ಮನಿ ಕೊಡ್ತಾಳ.”

ಅಂಬಮ್ಮ ಅಲ್ಲೇ ನಿಂತುಬಿಟ್ಟಳು. ಹೋಳಿಗೆಯ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು. ಬೇರೆಯವರ ಹರಕೆ ಮುಟ್ಟಬಾರದೆಂದು ಎಡಗಡೆಯ ದಾರಿಯ ಅಂಚಿನಲ್ಲಿ ಜಾಗ ಗುಡಿಸಿ, ಚಪ್ಪಟೆ ಕಲ್ಲು ಹುಡುಕಿ ತಂದು, ಒಂದರ ಮೇಲೊಂದು ನಾಲ್ಕು ಇಟ್ಟಳು. ಚೀಲದಿಂದ ವಿಭೂತಿ ಗಟ್ಟಿ ತೆಗೆದು ಮೇಲಿನ ಕಲ್ಲಿಗೆ ಮೂರು ಗೆರೆ ಎಳೆದಳು. ಇದ್ದ ಮನೆ ಇದ್ದ ಹಾಗೇ ಇರಲಿ ತಾಯಿ ಎಂದು ಕಣ್ಣು ಮುಚ್ಚಿ ಕೇಳಿಕೊಂಡಳು. ಜೋರಾಗಿಯೇ ಕೇಳಿಕೊಂಡಳು.

ಉಚ್ಚಂಗಮ್ಮನಿಗೆ ಇದು ಕೇಳಿಸಿತು. ತನ್ನ ಮೂರಂತಸ್ತು ಏಳಬೇಕಾದ ಜಾಗದ ಮೇಲೆಯೇ ಕಣ್ಣೆದುರು ಇನ್ನೊಂದು ಅರ್ಜಿ ಬಿದ್ದರೆ ಯಾರು ಸುಮ್ಮನಿರುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತು ಐದು ಕಲ್ಲಿಟ್ಟಳು. ವಿಭೂತಿಯನ್ನು ಅಂಬಮ್ಮನಿಂದಲೇ ಇಸಕೊಂಡಳು. ಒಂದೇ ಸೈಟಿಗೆ ಎರಡು ಅರ್ಜಿ ಬಂದದ್ದು ಗೌರಮ್ಮನಿಗೂ ಹೊಸದಾಗಿತ್ತೋ ಏನೋ.

ಮುಂದೆ ದಾರಿ ಎಲ್ಲೆಲ್ಲಿ ಕವಲಾಯಿತೋ ಅಲ್ಲೆಲ್ಲ ಮೂರು ಕಲ್ಲು ಕಂಡವು. ಅಲ್ಲೆಲ್ಲ ಇಬ್ಬರು ಹೆಂಗಸರೂ ಕೂತರು. ಅಂಬಮ್ಮ ಆರಿಟ್ಟರೆ ಉಚ್ಚಂಗಮ್ಮ ಏಳಿಟ್ಟಳು. ಮುಖದಲ್ಲಿ ನಗು, ಬಾಯಲ್ಲಿ ‘ಅಕ್ಕಾರ’, ‘ತಂಗಿ’ ಎಂಬ ಮಾತು, ಕೈಯಲ್ಲಿ ಕಲ್ಲು. ದೊಡ್ಡಮಲ್ಲಪ್ಪನೂ ನಡುವೆ ಕಾರಿನ ಶೆಡ್ಡಿಗೆಂದು ಎರಡು ಕಲ್ಲಿಟ್ಟ.

ಹಿಂದಿನಿಂದ ಜನ ಬರುತ್ತಲೇ ಇದ್ದರು. ವಯಸ್ಸಾದ ಮರ್ಯಾದಸ್ಥರು ನೆಲದಲ್ಲಿ ಕೂತು ಕಲ್ಲು ಪೇರಿಸುವುದನ್ನು ನೋಡಿ ಯಾರು ಕೇಳದೆ ಹೋಗುತ್ತಾರೆ. ಕನ್ನಡದಲ್ಲಿ ಕೇಳಿದವರಿಗೆ ಸಣ್ಣಬಸಪ್ಪ ಕನ್ನಡದಲ್ಲಿ ಹೇಳಿದ, ತೆಲುಗಿನಲ್ಲಿ ಕೇಳಿದವರಿಗೆ ತೆಲುಗಿನಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಹರಕೆಯ ನಿಯಮಗಳು ಬೆಳೆದವು. ಮೊದಲ ಕವಲಿನಲ್ಲಿ ಬರೀ ಕಲ್ಲಿಟ್ಟರೆ ಸಾಕಿತ್ತು, ಎರಡನೆಯದರಲ್ಲಿ ಮೂಡಣಕ್ಕೆ ಮುಖ ಮಾಡಬೇಕಾಯಿತು, ನಾಲ್ಕನೆಯದರ ಹೊತ್ತಿಗೆ ದಾರಿಯ ಎರಡೂ ಮಗ್ಗುಲಲ್ಲಿ ಇಟ್ಟರೆ ಒಳ್ಳೆಯದು ಎಂದಾಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಎರಡು ಬೆಡ್‌ರೂಮಿನ ಮನೆ ಕಟ್ಟಿ ಸುತ್ತ ಸಣ್ಣ ಕಲ್ಲುಗಳ ಕಾಂಪೌಂಡನ್ನೂ ಹಾಕಿತು.

ಹನ್ನೆರಡರ ಹೊತ್ತಿಗೆ ಹಾಲುದೊಣೆ ಕಂಡಿತು. ಮೂರು ಮೆಟ್ಟಿಲಿನ ಕರಿ ಬಂಡೆಯಿಂದ ನೀರು ಬಿಳುಪಾಗಿ ಇಳಿದು ಕೆಳಗಿನ ದೊಣೆಯಲ್ಲಿ ತುಂಬಿ ಹರಿಯುತ್ತಿತ್ತು. ಎಲ್ಲರೂ ತಲೆ ಎತ್ತಿ ನೋಡಿದರು. ಸಣ್ಣಬಸಪ್ಪನಿಗೂ ತುಂಬಾ ಸಂತೋಷವಾಯಿತು. ಮೊದಲ ಸಲ ನೋಡುತ್ತಿದ್ದೇನೆ ಎಂಬುದು ಮುಖದಲ್ಲಿ ಕಾಣದಂತೆ ಸಂತೋಷಪಡುವುದು ಕಷ್ಟವಾಯಿತು. ದೊಡ್ಡಮಲ್ಲಪ್ಪ ಅಂಗಿ ಬಿಚ್ಚಿ ಲುಂಗಿಯಲ್ಲೇ ನೀರಿನ ಕೆಳಗೆ ನಿಂತು ಶಾಲೆ ಬಿಟ್ಟ ಮಕ್ಕಳಂತೆ ಕೇಕೆ ಹಾಕಿದ. ಆಮೇಲೆ ಬಂಡೆಯ ಮೇಲೆ ಕೂತು ಆರು ಹೋಳಿಗೆ ತಿಂದ. ಅಂಬಮ್ಮ ಏಳನೆಯದನ್ನು ಬಡಿಸಿ, ಗಂಡನ ಕಡೆ ನೋಡಿ ಕಣ್ಣು ಅಗಲ ಮಾಡಿದಳು.

ಸಣ್ಣಬಸಪ್ಪ ಹತ್ತಿರ ಸರಿದು, ಒಂದು ಮಾತಿತ್ತು ಎಂದ. ದೊಡ್ಡಮಲ್ಲಪ್ಪ ಅವನ ಬೆನ್ನು ತಟ್ಟಿ ತಾನೇ ಮಾತು ಶುರು ಮಾಡಿದ.

“ನೀವು ಭಾಳ ಉಪಕಾರ ಮಾಡಿದ್ರಿ ಬಸಪ್ಪ. ಇಷ್ಟು ಕಲ್ಲಿಟ್ಟ ಮ್ಯಾಲ ತಾಯಿ ಕೈ ಬಿಡಂಗಿಲ್ಲ. ಇನ್ನ ತಡ ಯಾಕ? ದೀಪಾವಳಿ ಬ್ಯಾಡ, ದಸರಾಕ್ಕ ಮನಿ ಬಿಡ್ರಿ.”

ಅಂಬಮ್ಮ ಮಿಕ್ಕ ಹೋಳಿಗೆಯ ಡಬ್ಬಿಗೆ ಮುಚ್ಚಳ ಹಾಕಿದಳು.

ಮೂರು ಗಂಟೆಗೆ ಮೋಡ ಕವಿಯತೊಡಗಿತು. ಜನ ವಾಪಸು ಹೊರಟರು. ದಾರಿ ಬಲ್ಲವನು ಸಣ್ಣಬಸಪ್ಪ ಒಬ್ಬನೇ ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿದ್ದರಿಂದ ಅಷ್ಟೂ ಜನ ಅವನ ಹಿಂದೆ ಬಂದರು. ಅವನು ವಾಪಸು ದಾರಿಯ ಮೊದಲ ಕವಲಿಗೆ ಬಂದು ನೋಡಿದ. ಬಲಗಡೆ ಇಪ್ಪತ್ತು ಮನೆ, ಎಡಗಡೆ ಹದಿನೆಂಟು ಮನೆ. ಬೆಳಗ್ಗೆ ಕಾಡಾಗಿದ್ದದ್ದು ಈಗ ಲೇಔಟ್ ಆಗಿತ್ತು. ಸಣ್ಣಬಸಪ್ಪ ಧೈರ್ಯವಾಗಿ ಎಡಕ್ಕೆ ತಿರುಗಿದ.

ಒಂದು ಗಂಟೆ ನಡೆದ ಮೇಲೆ ಎರಡು ಬೆಡ್‌ರೂಮಿನ ಮನೆ ಬಂತು. ಇನ್ನರ್ಧ ಗಂಟೆಗೆ ಅದೇ ಮನೆ ಮತ್ತೆ ಬಂತು. ಮೂರನೆಯ ಸಲ ಬಂದಾಗ ಅದನ್ನು ಕಟ್ಟಿದ ಹೊಸ ಮದುಮಗಳು ಕಾಂಪೌಂಡಿನ ಪಕ್ಕ ಕೂತುಬಿಟ್ಟಳು. ತಾನು ಗೃಹಪ್ರವೇಶ ಇಲ್ಲೇ ಮಾಡಿಕೊಳ್ಳುವುದಾಗಿಯೂ ಇನ್ನು ಒಂದು ಹೆಜ್ಜೆ ಇಡುವುದಿಲ್ಲವೆಂದೂ ತೆಲುಗಿನಲ್ಲಿ ಹೇಳಿದಳು. ಯಾರೋ ಕರಡಿಯ ಹೆಸರೆತ್ತಿದರು. ದೊಡ್ಡಮಲ್ಲಪ್ಪ, ದಾರಿ ಗೊತ್ತಿದೆಯೋ ಇಲ್ಲವೋ ಒಂದು ಮಾತು ಹೇಳಿ ಎಂದು ಸಣ್ಣಬಸಪ್ಪನ ತೋಳು ಹಿಡಿದುಕೊಂಡ. ಈ ದಾರಿಯಲ್ಲಿ ಹೋದರೆ ಹಾಲುದೊಣೆಯನ್ನು ಎಲ್ಲಾ ಕಡೆಯಿಂದ ನೋಡಬಹುದು ಎಂದು ಸಣ್ಣಬಸಪ್ಪ ಹೇಳಿದ.

ಅಷ್ಟರಲ್ಲಿ ಪೊದೆ ಸರಿಸಿಕೊಂಡು ಇಬ್ಬರು ಬಂದರು. ಒಬ್ಬ ವಾಚರು ಯರ್ರಪ್ಪ. ಇನ್ನೊಬ್ಬರು ಅರಣ್ಯ ಇಲಾಖೆಯ ಸೆಕ್ಷನ್ ಆಫೀಸರ್ ಹನುಮಂತರಾಯ, ಮಡಕಶಿರದ ಕಡೆಯವರು, ಭಾನುವಾರವೂ ಇಸ್ತ್ರಿ ಮಾಡಿದ ಖಾಕಿ ಹಾಕುವವರು. ಒಳಗೆ ಹೋದ ಅರವತ್ತಮೂರು ಜನರಲ್ಲಿ ಒಬ್ಬರೂ ಹೊರಗೆ ಬಂದಿಲ್ಲ ಎಂದು ಪುಸ್ತಕ ನೋಡಿ ಹುಡುಕಿಕೊಂಡು ಬಂದಿದ್ದರು. ಸಾಹೇಬರು ಬಂದರೆಂದು ಜನಕ್ಕೆ ಹೋದ ಜೀವ ಬಂದಂತಾಯಿತು. ಜನ ಸಿಕ್ಕರೆಂದು ಸಾಹೇಬರಿಗೂ ಹಾಗೇ ಆಯಿತು. ಆಮೇಲೆ ದಾರಿ ಯಾವ ಕಡೆ ಎಂದು ಜನ ಸಾಹೇಬರನ್ನು ಕೇಳಿದರು. ಅದೇ ಮಾತನ್ನು ಸಾಹೇಬರು ಜನರನ್ನು ಕೇಳಬೇಕೆಂದಿದ್ದರು. ಅವರು ಯರ್ರಪ್ಪನ ಕಡೆ ತಿರುಗಿದರು.

“ಏನಪ್ಪ, ನಿಂಗೂ ಗೊತ್ತಿಲ್ವಾ? ದಾರಿಗೆ ಕಲ್ಲು ಜೋಡಿಸಿದೋನು ನೀನೇ ತಾನೆ?”

ಯರ್ರಪ್ಪ ಡಿ. ಹಿರೇಹಾಳಿನಿಂದ ಈ ಗುಡ್ಡಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. “ಹೌದ್ರಿ ಸಾರ್. ನನಗ ದಾರಿ ನೆನಪಿರಲಿ ಅಂತ ಇಟ್ಟಿದ್ದೆ ರಿ. ಮೂರು ಕಲ್ಲು ಇದ್ದ ಕಡೆ ಹೋಗೋದು, ಅಷ್ಟ. ಈಗ ಎಲ್ಲಾ ಕಡೆ ಅದಾವ ರಿ” ಎಂದ.

ಆಗ ಎಲ್ಲರಿಗೂ ಆ ಕಲ್ಲುಗಳ ಅರ್ಥ ಒಟ್ಟಿಗೇ ಆಯಿತು. ಅರವತ್ತೆರಡು ಜನ ಸಣ್ಣಬಸಪ್ಪನನ್ನು ನೋಡಿದರು. ಅವನು ಮೋಡ ನೋಡಿದ.

ಅವರನ್ನು ಕಾಡಿನಿಂದ ಇಳಿಸಿದ್ದು ಕುರಿಗಳು. ಗುಡ್ಡದ ಇಳಿಜಾರಿನಲ್ಲಿ ಮೇಯಿಸುತ್ತಿದ್ದ ಓಬಳಮ್ಮ ಎಂಬ ಮುದುಕಿ ತನ್ನ ಹಿಂಡನ್ನು ಹಟ್ಟಿಗೆ ಹೊಡೆದುಕೊಂಡು ಅದೇ ದಾರಿಗೆ ಬಂದಳು. ಖಾಕಿ ಹಾಕಿದವರ ಸಮೇತ ಇಷ್ಟು ಜನ ಕಲ್ಲು ನೋಡುತ್ತ ನಿಂತಿರುವುದನ್ನು ಕಂಡು ಏನು ಕಳೆದಿದೆ ಎಂದು ಕೇಳಿದಳು. ದಾರಿ ಎಂದರು. ಕುರಿಗಳಿಗೆ ಗೊತ್ತಿದೆ, ಹಿಂದೆ ಬನ್ನಿ, ಮುಂದೆ ಹೋಗಿ ಹೆದರಿಸಬೇಡಿ ಎಂದಳು. ಹೀಗೆ ಮುಂದೆ ಕುರಿ, ಆಮೇಲೆ ಓಬಳಮ್ಮ, ಆಮೇಲೆ ಸೆಕ್ಷನ್ ಆಫೀಸರು, ಅವರ ಹಿಂದೆ ಅರವತ್ತಮೂರು ಜನ ಸಾಲಾಗಿ ಇಳಿದರು. ಕುರಿ ನಿಂತಾಗ ಸಾಹೇಬರೂ ನಿಂತರು. ನಲವತ್ತು ನಿಮಿಷಕ್ಕೆ ಹುಣಸೆಮರ ಬಂತು, ಇನ್ನೂ ಬೆಳಕಿತ್ತು.

ಓಬಳಮ್ಮ ಹೋದ ಮೇಲೆ ಹನುಮಂತರಾಯರಿಗೆ ತಮ್ಮ ಹುದ್ದೆ ನೆನಪಾಯಿತು. ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿ, ಒಂದು ಉದ್ದನೆಯ ಫಾರಂ ತೆಗೆದರು. ಫೋನಿನಲ್ಲಿ ಅವರು ಹನ್ನೊಂದು ಕಲ್ಲಿನ ಒಂದು ಗೋಪುರದ ಫೋಟೋ ತೆಗೆದಿದ್ದರು. ಅದನ್ನು ಎಲ್ಲರಿಗೂ ಹಿಡಿದು ತೋರಿಸಿದರು. ಅದು ಉಚ್ಚಂಗಮ್ಮ ಕೊನೆಯ ಕವಲಿನಲ್ಲಿ ಕಟ್ಟಿದ್ದು.

“ಕಾಡೊಳಗೆ ದಾರಿ ಗುರುತು ಕೆಡಿಸೋದು ತಮಾಷೆ ಅಲ್ಲ ಕಣ್ರಿ. ಕೇಸ್ ಆಯ್ತದೆ. ಇವೆಲ್ಲಾ ಯಾರು ಕಟ್ಟಿದ್ದು ಅಂತ ಯಾರಿಗಾದ್ರೂ ಗೊತ್ತೈತಾ?”

ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಉಚ್ಚಂಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖವನ್ನೇ ಮುಚ್ಚಿಕೊಂಡಳು. ಕೈಯ ವಿಭೂತಿ ಇನ್ನೂ ಹಾಗೇ ಇತ್ತು. ಆಗ, ಐವತ್ತೆರಡು ವರ್ಷದ ಅಭ್ಯಾಸಬಲದಿಂದ, ಸಣ್ಣಬಸಪ್ಪನ ಬಾಯಿ ತಾನಾಗಿಯೇ ತೆರೆಯಿತು.

“ಗೊತ್ತೈತಿ ರಿ.”

ಹನುಮಂತರಾಯರು ಪೆನ್ನಿನ ಮುಚ್ಚಳ ತೆಗೆದು, ಹೆಸರು ಹೇಳಿ ಎಂದರು. ಆಗಷ್ಟೇ ಸಣ್ಣಬಸಪ್ಪನಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಉಚ್ಚಂಗಮ್ಮ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ದೊಡ್ಡಮಲ್ಲಪ್ಪನ ಮುಖದಲ್ಲಿ ಏಳು ಹೋಳಿಗೆಯ ಕಳೆ ಪೂರ್ತಿ ಇಳಿದುಹೋಗಿತ್ತು. ಅಂಬಮ್ಮ ಗಂಡನನ್ನೇ ನೋಡುತ್ತಿದ್ದಳು.

“ನಾನ ರಿ” ಎಂದ ಸಣ್ಣಬಸಪ್ಪ.

“ಎಲ್ಲಾನೂವೇ? ನೂರರ ಮೇಲವೆ ಕಣ್ರಿ.”

“ಎಲ್ಲಾ ನಂದ ರಿ. ಮುಂಜಾನೆ ಲಗೂನ ಬಂದಿದ್ದೆ.”

ಹನುಮಂತರಾಯರು ನಂಬಲಿಲ್ಲ. ಆದರೆ ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು, ಒಬ್ಬ ತಾನಾಗಿಯೇ ಬಂದಿದ್ದ, ಮಳೆಯೂ ಬರುವಂತಿತ್ತು. ಹೆಸರು ಬರೆದರು, ಕಸುಬು ಬರೆದರು. ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿದರು. ಬಾಡಿಗೆ ಎಂದ. ಮಾಲೀಕರು ಯಾರು ಎಂದರು. ದೊಡ್ಡಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಬನ್ನಿ ಯಜಮಾನ್ರೆ, ಇಲ್ಲಿ ಸೈನ್ ಹಾಕಿ. ಕೇಸು ಮುಗಿಯೋಗಂಟ ಇವ್ರು ಇದೇ ಮನೇಲಿ ಇರ್ಬೇಕು, ನೋಟೀಸು ಅಲ್ಲಿಗೇ ಬರೋದು. ಬಿಡಿಸಂಗಿಲ್ಲ, ಮನೆ ಕೆಡವಂಗೂ ಇಲ್ಲ. ಹಂಗೇನಾದ್ರೂ ಆದ್ರೆ ನಿಮ್ಮನ್ನ ಕರೀತೀವಿ, ಈ ಫೋಟೋ ತೋರ್ಸಿ ಕೇಳ್ತೀವಿ.”

ದೊಡ್ಡಮಲ್ಲಪ್ಪ ಪೆನ್ನು ಹಿಡಿದು ನಿಂತ. ಇಂಥ ಕೇಸು ಎಷ್ಟು ತಿಂಗಳಿಗೆ ಮುಗಿಯುತ್ತದೆ ಎಂದು ಮೆಲ್ಲಗೆ ಕೇಳಿದ. ಹನುಮಂತರಾಯರು ಯೋಚಿಸಿ, ತಮಗಿಂತ ಮುಂಚೆ ಇದ್ದವರು ಬಂದರಿಕೆ ಸೌದೆ ಕಡಿದವನೊಬ್ಬನ ಮೇಲೆ ಹಾಕಿದ್ದ ಕೇಸಿಗೆ ಹದಿನೇಳು ವರ್ಷವಾಯಿತು, ಅವನು ತೀರಿಕೊಂಡ, ಈಗ ಅವನ ಮಗ ಬಂದು ಹೋಗುತ್ತಿದ್ದಾನೆ ಎಂದರು. ದೊಡ್ಡಮಲ್ಲಪ್ಪ ಪೆನ್ನು ಕೆಳಗಿಡಲು ನೋಡಿದ. ಸೆರಗಿನ ಒಳಗಿನಿಂದ ಉಚ್ಚಂಗಮ್ಮನ ದನಿ ಬಂತು.

“ಸುಮ್ನ ಸಹಿ ಹಾಕ್ರಿ.”

ಹಾಕಿದ.

ಆಟೋ ಗುಮ್ಮಘಟ್ಟ ದಾಟಿದ ಮೇಲೆ ಅಂಬಮ್ಮ ಡಬ್ಬಿ ತೆಗೆದು ಗಂಡನ ಕೈಗೆ ಒಂದು ಹೋಳಿಗೆ ಇಟ್ಟಳು. ಬೆಳಗ್ಗೆಯಿಂದ ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅವಳ ಕಣ್ಣು ತುಂಬಿಕೊಂಡಿದ್ದನ್ನು ನೋಡಿ ಅವನಿಗೂ ಹೇಗೋ ಆಯಿತು. ಆಮೇಲೆ ಅವಳು ಸ್ವಲ್ಪ ತಡೆದು ಉಚ್ಚಂಗಮ್ಮನಿಗೂ ಒಂದು ಕೊಟ್ಟಳು. ಉಚ್ಚಂಗಮ್ಮ ತಲೆ ಎತ್ತದೆ ತಿಂದಳು.

ದಸರಾ ಹೋಯಿತು, ದೀಪಾವಳಿಗೆ ಅಂಬಮ್ಮ ಅದೇ ಹೊಸ್ತಿಲಿಗೆ ದೀಪ ಹಚ್ಚಿದಳು. ಹಾಲುದೊಣೆಯ ದಾರಿಗೆ ಬಾಣದ ಗುರುತಿನ ಬೋರ್ಡುಗಳು ಬಂದವು, ಕಲ್ಲು ಇಡಬಾರದೆಂದು ಎರಡು ಭಾಷೆಯಲ್ಲಿ ಬರೆದದ್ದೂ ಬಂತು. ಅಷ್ಟಾದರೂ ಜನ ಇಡುವುದು ನಿಲ್ಲಿಸಲಿಲ್ಲ. ಅಲ್ಲಿ ಕಲ್ಲಿಟ್ಟ ಒಬ್ಬರಿಗೆ ಮನೆ ಸಿಕ್ಕಿತಂತೆ ಎಂಬ ಸುದ್ದಿ ಕಲ್ಯಾಣದುರ್ಗದವರೆಗೂ ಹೋಗಿತ್ತು. ಮೊದಲ ನೋಟೀಸು ಬಂದಾಗ ಅಂಬಮ್ಮ ಅದಕ್ಕೆ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟಳು.

ದೊಡ್ಡಮಲ್ಲಪ್ಪ ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಬಂದು ನಿಂತು, ಬೇವಿನಮರವನ್ನೂ ಹಿತ್ತಲ ಮನೆಯನ್ನೂ ಒಂದು ಸಲ ನೋಡಿ ಕೇಳಿದ.

“ಬಸಪ್ಪ, ನಿಮಗ ಎಲ್ಲಾ ಗೊತ್ತಿರ್ತೈತಿ. ಈ ಕೇಸು ಯಾವಾಗ ಮುಗಿತೈತಿ ಹೇಳ್ರಿ.”

ಸಣ್ಣಬಸಪ್ಪ ತುಂಬಿದ ಕೊಡವನ್ನು ಪಕ್ಕಕ್ಕಿಟ್ಟ. ಬಾಗಿಲಲ್ಲಿ ನಿಂತಿದ್ದ ಅಂಬಮ್ಮನನ್ನು ನೋಡಿದ. ಆಮೇಲೆ ಹುಟ್ಟಿದಾಗಿನಿಂದ ಹೇಳದೆ ಉಳಿಸಿಕೊಂಡಿದ್ದ ಮಾತನ್ನು, ತುಂಬು ಸಂತೋಷದಿಂದ, ಹೇಳಿದ.

“ಗೊತ್ತಿಲ್ರಿ.”